ಬೆಂಗಳೂರಿನಿಂದ ಜಪಾನಿಗೆ ಮೊದಲ ಸಲ: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲಿ ಒಬ್ಬರು ಜಪಾನಿಗೆ ಹೋಗಿ ಬಂದರೆ ಸಾಕು, ಬಂಧು ಬಳಗದ ಫೋನ್ ನಿಲ್ಲುವುದಿಲ್ಲ. ಅರ್ಧ ಪ್ರಶ್ನೆ ಟಿಕೆಟ್, ವೀಸಾ, ಊಟದ್ದು. ಉಳಿದರ್ಧ "ಅಲ್ಲಿ ಹಾಗಂತೆ, ನಮ್ಮಲ್ಲಿ ಯಾಕೆ ಹೀಗೆ?" ಅನ್ನೋದು. ಎರಡಕ್ಕೂ ಇಲ್ಲಿ ಉತ್ತರ ಬರೆದಿದ್ದೇನೆ. ಸಸ್ಯಾಹಾರಿಗಳ ಭಾಗ ಸ್ವಲ್ಪ ಉದ್ದವಾಗಿದೆ. ಬೇರೆ ದಾರಿ ಇರಲಿಲ್ಲ.

ಯಾವ ತಿಂಗಳಲ್ಲಿ ಹೋಗೋದು ಒಳ್ಳೇದು?

ಎಲ್ಲರೂ ಕೇಳೋದು ಚೆರ್ರಿ ಹೂವಿನ ಕಾಲ. ಟೋಕಿಯೊ, ಕ್ಯೋಟೊ ಕಡೆ ಅದು ಮಾರ್ಚ್ ಕೊನೆಯ ವಾರದಿಂದ ಏಪ್ರಿಲ್ ಮೊದಲ ವಾರದವರೆಗೆ. ಹೂವು ಚೆನ್ನಾಗಿರುತ್ತದೆ, ಹೋಟೆಲ್ ಬಾಡಿಗೆ ಮಾತ್ರ ಕೇಳಬೇಡಿ. ನಮ್ಮ ಶಾಲೆಗಳ ಬೇಸಿಗೆ ರಜೆಗೆ ಹೊಂದಿಸಿ ಏಪ್ರಿಲ್ ಕೊನೆಗೆ ಟಿಕೆಟ್ ಮಾಡುವವರು ಒಂದು ವಿಷಯ ಗಮನಿಸಬೇಕು. ಏಪ್ರಿಲ್ 29ರಿಂದ ಮೇ 5ರ ತನಕ ಅಲ್ಲಿ 'ಗೋಲ್ಡನ್ ವೀಕ್'. ಒಂದರ ಹಿಂದೆ ಒಂದು ಸರ್ಕಾರಿ ರಜೆ, ಇಡೀ ದೇಶವೇ ಊರು ಬಿಟ್ಟು ಹೊರಡುತ್ತದೆ. ಅದು ಮುಗಿದ ಮೇಲೆ, ಮೇ ಎರಡನೇ ವಾರದಲ್ಲಿ ಹೋದರೆ ಹವೆಯೂ ಹಿತ, ಜನವೂ ಕಡಿಮೆ.

ಜೂನ್‌ನಿಂದ ಜುಲೈ ನಡುವಿನವರೆಗೆ ಮಳೆಗಾಲ. ಆಮೇಲೆ ಸೆಕೆ. ಮಂಗಳೂರಿನವರಿಗೆ ಅದೇನೂ ಹೊಸದಲ್ಲ, ಬೆಂಗಳೂರಿನವರು ಒದ್ದಾಡುತ್ತಾರೆ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಚಂಡಮಾರುತಕ್ಕೆ ರೈಲು, ವಿಮಾನ ನಿಲ್ಲುವುದುಂಟು. ನನ್ನ ಆಯ್ಕೆ ನವೆಂಬರ್. ಕ್ಯೋಟೊದಲ್ಲಿ ಮೇಪಲ್ ಎಲೆ ಕೆಂಪಾಗುವುದು ನವೆಂಬರ್ ಕೊನೆಗೆ. ಶಾಲೆಗೆ ಹೋಗುವ ಮಕ್ಕಳಿದ್ದು ನವೆಂಬರ್ ಆಗದವರಿಗೆ ದಸರಾ ರಜೆಯೂ ಸಾಕಷ್ಟು ಚೆನ್ನಾಗಿ ಹೊಂದುತ್ತದೆ.

ವೀಸಾ ಕಷ್ಟಾನಾ?

ಕಷ್ಟವಿಲ್ಲ, ಕಾಗದ ಜಾಸ್ತಿ. ಅರ್ಜಿಯನ್ನು ವಿಎಫ್‌ಎಸ್ (ವೀಸಾ ಅರ್ಜಿ ತೆಗೆದುಕೊಳ್ಳುವ ಕಂಪನಿ) ಕೇಂದ್ರದ ಮೂಲಕ ಕೊಡಬೇಕು. ಬ್ಯಾಂಕ್ ಸ್ಟೇಟ್‌ಮೆಂಟ್, ಆದಾಯ ತೆರಿಗೆ ರಿಟರ್ನ್, ಕೆಲಸದ ಪತ್ರ, ಟಿಕೆಟ್ ಮತ್ತು ಹೋಟೆಲ್ ವಿವರ ಬೇಕು. ಜೊತೆಗೆ ಯಾವ ದಿನ ಯಾವ ಊರು, ಎಲ್ಲಿ ವಾಸ ಅನ್ನುವ ದಿನವಾರು ಪಟ್ಟಿ ಕೇಳುತ್ತಾರೆ. ಸುಮ್ನೆ ಏನೋ ಒಂದು ತುಂಬಬೇಡಿ. ಹೋಟೆಲ್ ಬುಕಿಂಗ್‌ನ ತಾರೀಕಿಗೂ ಪಟ್ಟಿಗೂ ತಾಳೆಯಾಗಬೇಕು. ಹಣ ವಾಪಸ್ ಬರುವಂಥ ಬುಕಿಂಗ್ ಮಾಡಿ, ವೀಸಾ ಬಂದ ಮೇಲೆ ಬೇಕಾದರೆ ಬದಲಾಯಿಸಿ.

2024ರ ಏಪ್ರಿಲ್‌ನಿಂದ ಭಾರತೀಯ ಪ್ರವಾಸಿಗಳಿಗೆ ಇ-ವೀಸಾ ಬಂದಿದೆ. ಪಾಸ್‌ಪೋರ್ಟ್‌ನಲ್ಲಿ ಸ್ಟಿಕರ್ ಇರುವುದಿಲ್ಲ. ವಿಮಾನ ನಿಲ್ದಾಣದಲ್ಲಿ ಇಂಟರ್ನೆಟ್ ಇರುವ ಫೋನ್‌ನಲ್ಲಿ ವೀಸಾ ಪುಟವನ್ನೇ ತೆರೆದು ತೋರಿಸಬೇಕು. ಪ್ರಿಂಟ್, ಸ್ಕ್ರೀನ್‌ಶಾಟ್ ನಡೆಯುವುದಿಲ್ಲ. ಹಾಗಾಗಿ ಇಳಿದ ಕೂಡಲೇ ಕೆಲಸ ಮಾಡುವ ಇ-ಸಿಮ್ಮೋ ರೋಮಿಂಗೋ ಮೊದಲೇ ಇರಲಿ. ಅಪ್ಪನ ಹಳೇ ಕೀಪ್ಯಾಡ್ ಫೋನ್ ನಂಬಿಕೊಂಡು ಅವರನ್ನು ಬೇರೆ ಸಾಲಿಗೆ ಕಳಿಸಬೇಡಿ.

ನೇರ ವಿಮಾನ ಇದೆಯಾ?

ಇದೆ. ಜಪಾನ್ ಏರ್‌ಲೈನ್ಸ್ 2021ರ ಜನವರಿಯಿಂದ ಬೆಂಗಳೂರು ಮತ್ತು ಟೋಕಿಯೊದ ನಾರಿತಾ ನಡುವೆ ನೇರ ವಿಮಾನ ಓಡಿಸುತ್ತಿದೆ. ಹೋಗುವಾಗ ಸುಮಾರು ಎಂಟು ಗಂಟೆಯ ಹಾದಿ. ಬ್ಯಾಂಕಾಕ್, ಕೌಲಾಲಂಪುರ, ಸಿಂಗಾಪುರದ ಮೂಲಕ ಹೋದರೆ ಸಾಮಾನ್ಯವಾಗಿ ಅಗ್ಗ. ವಯಸ್ಸಾದವರು ಜೊತೆಗಿದ್ದರೆ ನೇರ ವಿಮಾನಕ್ಕೆ ಕೊಡುವ ಹೆಚ್ಚಿನ ದುಡ್ಡು ದಂಡವಲ್ಲ. ಗಡಿಯಾರ ನಮಗಿಂತ ಮೂರೂವರೆ ಗಂಟೆ ಮುಂದೆ.

ಇಬ್ಬರಿಗೆ ಹತ್ತು ದಿನಕ್ಕೆ ಎಷ್ಟಾಗುತ್ತೆ?

ಅಂದಾಜು ಮೂರರಿಂದ ನಾಲ್ಕು ಲಕ್ಷ. ಇದರಲ್ಲಿ ವಿಮಾನ ಟಿಕೆಟ್ಟೇ ದೊಡ್ಡ ಪಾಲು. ಇತ್ತೀಚಿನ ವರ್ಷಗಳಲ್ಲಿ 100 ಯೆನ್ ಅಂದರೆ 55ರಿಂದ 60 ರೂಪಾಯಿ ಎಂದು ಲೆಕ್ಕ ಹಾಕಿ. ಹೋಟೆಲ್ ರೂಮು ಚಿಕ್ಕದು. ದೊಡ್ಡ ಸೂಟ್‌ಕೇಸ್ ಬಿಚ್ಚಿಟ್ಟರೆ ಬಾತ್‌ರೂಮಿಗೆ ದಾಟಿಕೊಂಡೇ ಹೋಗಬೇಕು. ಟಿಪ್ಸ್ ಕೊಡುವ ಪದ್ಧತಿ ಇಲ್ಲ, ಕೊಟ್ಟರೆ ಹಿಂದೆ ಓಡಿ ಬಂದು ವಾಪಸ್ ಕೊಡುತ್ತಾರೆ.

ಇಲ್ಲಿಯ ಹಾಗೆ ಎಲ್ಲ ಕಡೆ ಯುಪಿಐ ಸ್ಕ್ಯಾನ್ ಮಾಡಿಕೊಂಡು ಓಡಾಡುವ ಆಸೆ ಬಿಡಿ. ಕಾರ್ಡ್ ಬಹಳ ಕಡೆ ನಡೆಯುತ್ತದೆ. ಆದರೆ ಸಣ್ಣ ಹೋಟೆಲು, ದೇವಸ್ಥಾನದ ಟಿಕೆಟ್, ಹಳೇ ಬಸ್ಸುಗಳಿಗೆ ನಗದು ಬೇಕೇ ಬೇಕು. ಹೊರಡುವ ಮೊದಲು ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡಿನ ವಿದೇಶಿ ಬಳಕೆ ಆನ್ ಮಾಡಿ. ಇದನ್ನು ಮರೆತು ಎಟಿಎಂ ಮುಂದೆ ಬೆವರುವವರು ತುಂಬಾ ಜನ. ಸೆವೆನ್-ಇಲೆವೆನ್ ಅಂಗಡಿಗಳ ಎಟಿಎಂಗಳಲ್ಲಿ ನಮ್ಮ ಕಾರ್ಡುಗಳು ಸಾಮಾನ್ಯವಾಗಿ ನಡೆಯುತ್ತವೆ.

ಟೂರ್ ಪ್ಯಾಕೇಜ್ ತೆಗೆದುಕೊಂಡರೆ ಏಜೆಂಟ್ ಬಿಲ್ಲಿನ ಮೇಲೆ ಟಿಸಿಎಸ್ ಅಂತ ಒಂದಿಷ್ಟು ಹಿಡಿಯುತ್ತಾರೆ. ಅದು ನಿಮ್ಮ ಹೆಸರಿನಲ್ಲಿ ಕಟ್ಟಿದ ತೆರಿಗೆ. ರಿಟರ್ನ್ ತುಂಬುವಾಗ ಲೆಕ್ಕಕ್ಕೆ ತೆಗೆದುಕೊಳ್ಳಬಹುದು, ಜಾಸ್ತಿ ಕಟ್ಟಿದ್ದರೆ ವಾಪಸ್ ಬರುತ್ತದೆ.

ಜೆಆರ್ ಪಾಸ್ ತೆಗೆದುಕೊಳ್ಳಲೇಬೇಕಾ?

ಜೆಆರ್ ಪಾಸ್ ಅಂದರೆ ಜಪಾನ್ ರೈಲ್ವೆಯಲ್ಲಿ ಇಷ್ಟು ದಿನ ಅಂತ ಬೇಕಾದಷ್ಟು ಓಡಾಡಲು ಪ್ರವಾಸಿಗಳಿಗೆ ಕೊಡುವ ಪಾಸ್. ಹಳೇ ವಿಡಿಯೊ ನೋಡಿ ತೆಗೆದುಕೊಳ್ಳಬೇಡಿ. 2023ರ ಅಕ್ಟೋಬರ್‌ನಲ್ಲಿ ಏಳು ದಿನದ ಪಾಸ್ 29,650 ಯೆನ್‌ನಿಂದ ಒಂದೇ ಏಟಿಗೆ 50,000 ಯೆನ್‌ಗೆ ಏರಿತು. ಟೋಕಿಯೊದಿಂದ ಕ್ಯೋಟೊಗೆ ಶಿಂಕಾನ್ಸೆನ್ (ಬುಲೆಟ್ ರೈಲು) ಟಿಕೆಟ್ ಒಂದು ಕಡೆಗೆ ಸುಮಾರು 14,000 ಯೆನ್. ಹೋಗಿ ಬಂದರೂ 28,000. ಪಾಸಿನ ದುಡ್ಡು ಹುಟ್ಟುವುದು ಹಿರೋಶಿಮಾದಾಚೆಗೂ ಓಡಾಡುವವರಿಗೆ ಮಾತ್ರ. ಅದೂ ಅಲ್ಲದೆ, ಅತಿ ವೇಗದ 'ನೊಜೊಮಿ' ಗಾಡಿ ಹತ್ತಬೇಕೆಂದರೆ ಪಾಸ್ ಇದ್ದರೂ ಮೇಲೆ ದುಡ್ಡು ಕೊಡಬೇಕು.

ಊರೊಳಗಿನ ಓಡಾಟಕ್ಕೆ ಸುಯಿಕಾ ಅಥವಾ ಪಾಸ್ಮೊ ಕಾರ್ಡ್ ಸಾಕು. ನಮ್ಮ ಮೆಟ್ರೊ ಕಾರ್ಡಿನ ಹಾಗೆ ರೀಚಾರ್ಜ್ ಮಾಡಿ ತಟ್ಟಿಕೊಂಡು ಹೋಗುವುದು. ಬಸ್ಸು, ಅಂಗಡಿ, ಪಾನೀಯದ ಯಂತ್ರ, ಬಹಳ ಕಡೆ ಅದೇ ನಡೆಯುತ್ತದೆ.

ಸಾಮಾನು ಹೊತ್ತುಕೊಂಡು ರೈಲು ಹತ್ತೋದು ಹೇಗೆ?

ಹೊರಬೇಡಿ. 'ತಕ್ಕ್ಯೂಬಿನ್' ಅನ್ನುವ ಸೇವೆ ಇದೆ. ಹೋಟೆಲ್ ಕೌಂಟರಿನಲ್ಲಿ ಸೂಟ್‌ಕೇಸ್ ಕೊಟ್ಟರೆ ಮುಂದಿನ ಊರಿನ ಹೋಟೆಲಿಗೆ ಸಾಮಾನ್ಯವಾಗಿ ಮರುದಿನ ತಲುಪಿಸುತ್ತಾರೆ. ನೀವು ಒಂದು ರಾತ್ರಿಯ ಬಟ್ಟೆ ಬೆನ್ನಿಗೆ ಹಾಕಿಕೊಂಡು ಹೊರಟರೆ ಆಯಿತು. ಉದ್ದ, ಅಗಲ, ಎತ್ತರ ಕೂಡಿ 160 ಸೆಂ.ಮೀ. ದಾಟಿದ ಪೆಟ್ಟಿಗೆ ಇದ್ದರೆ ಟೋಕಿಯೊ–ಕ್ಯೋಟೊ ಶಿಂಕಾನ್ಸೆನ್‌ನಲ್ಲಿ ಅದಕ್ಕೆಂದೇ ಇರುವ ಸೀಟು ಮೊದಲೇ ಕಾದಿರಿಸಬೇಕು.

ನಾವು ಸಸ್ಯಾಹಾರಿಗಳು. ಉಪವಾಸ ಇರಬೇಕಾ?

ಬೇಡ. ಆದರೆ ಕಣ್ಣು ಮುಚ್ಚಿ ತಿನ್ನುವ ಹಾಗೂ ಇಲ್ಲ.

ಮುಖ್ಯ ತೊಡಕು ಮಾಂಸವಲ್ಲ, 'ದಾಶಿ'. ಹೆಚ್ಚಾಗಿ ಒಣಗಿಸಿದ ಬೊನಿಟೊ ಮೀನಿನ ಚಕ್ಕೆ ಹಾಕಿ ತೆಗೆದ ತಿಳಿ ಸಾರು ಅದು. ನಮ್ಮ ಅಡುಗೆಯಲ್ಲಿ ಒಗ್ಗರಣೆ ಹೇಗೋ ಅವರಲ್ಲಿ ದಾಶಿ ಹಾಗೆ, ಎಲ್ಲದರಲ್ಲೂ ಇರುತ್ತದೆ. ಮಿಸೊ (ಹುದುಗಿಸಿದ ಸೋಯಾ) ಸೂಪ್, ಸೋಬಾ ಮತ್ತು ಉಡೋನ್ ನೂಡಲ್ಸ್‌ನ ಸಾರು, ಬಜ್ಜಿಯಂಥ ತರಕಾರಿ ಟೆಂಪುರಾದ ಜೊತೆ ಕೊಡುವ ಅದ್ದುವ ರಸ, ಎಲ್ಲದರಲ್ಲೂ. ತಟ್ಟೆಯಲ್ಲಿ ಬರೀ ತರಕಾರಿ ಕಂಡರೂ ಒಳಗೆ ಮೀನಿರುತ್ತದೆ. "ಮೀಟ್ ಬೇಡ" ಅಂದರೆ ಅವರು ತಲೆಯಾಡಿಸಿ ಮೀನಿನ ಸಾರು ತಂದಿಡುತ್ತಾರೆ. ಅವರ ಲೆಕ್ಕದಲ್ಲಿ ಅದು ಮೋಸವಲ್ಲ. ಹಾಗಾಗಿ 'ಮಾಂಸ, ಮೀನು, ಮೊಟ್ಟೆ, ಮೀನಿನ ದಾಶಿ ಬೇಡ' ಎಂದು ಜಪಾನಿ ಭಾಷೆಯಲ್ಲಿ ಬರೆದ ಚೀಟಿ ಫೋನಿನಲ್ಲಿ ಇಟ್ಟುಕೊಳ್ಳಿ. ಬಾಯಿಮಾತಿಗಿಂತ ಅದು ಹತ್ತು ಪಾಲು ಕೆಲಸ ಮಾಡುತ್ತದೆ.

ಹಸಿದಾಗ ಕೈಗೆ ಸಿಗುವುದು ಕನ್ವೀನಿಯನ್ಸ್ ಅಂಗಡಿಯ ಒನಿಗಿರಿ, ಅಂದರೆ ಕಡಲಪಾಚಿ ಸುತ್ತಿದ ಅನ್ನದ ತ್ರಿಕೋನ. ಪ್ಲಾಸ್ಟಿಕ್ ಹೊದಿಕೆಯ ಮೇಲೆ 1, 2, 3 ಅಂತ ಅಂಕಿ ಇರುತ್ತದೆ. ಒಂದನೆಯದರ ಪಟ್ಟಿ ನಡುವಿನಿಂದ ಕೆಳಗೆಳೆಯಿರಿ, ಆಮೇಲೆ ಎಡದ ಮೂಲೆ, ಬಲದ ಮೂಲೆ ಜಗ್ಗಿ. ಅನ್ನಕ್ಕೂ ಪಾಚಿಗೂ ನಡುವೆ ಇದ್ದ ತೆಳು ಹಾಳೆ ಜಾರಿ ಹೊರಬರುತ್ತದೆ, ಗರಿಗರಿ ಪಾಚಿ ಅನ್ನಕ್ಕೆ ಅಂಟಿಕೊಳ್ಳುತ್ತದೆ. ಅಂಕಿ ತಪ್ಪಿಸಿದರೆ ಪಾಚಿಯೆಲ್ಲ ಪ್ಲಾಸ್ಟಿಕ್ಕಿನೊಳಗೇ ಉಳಿಯುತ್ತದೆ. ಒಳಗೆ ಉಪ್ಪಿನಲ್ಲಿ ಹಾಕಿದ ಉಮೆಬೋಶಿ ಹಣ್ಣಿರುವುದು ನಮಗೆ ಸರಿ. ನಮ್ಮ ಉಪ್ಪಿನಕಾಯಿಯಷ್ಟೇ ಹುಳಿ, ಖಾರ ಮಾತ್ರ ಇಲ್ಲ. ಅದರಲ್ಲೂ ಕೆಲವು ಕಂಪನಿಯವು ಮೀನಿನ ಸತ್ವ ಸೇರಿಸುತ್ತವೆ, ಅನುವಾದ ಆ್ಯಪ್‌ನ ಕ್ಯಾಮೆರಾ ಹಿಡಿದು ನೋಡಿ.

ನಿಜಕ್ಕೂ ಹೊಟ್ಟೆ ತುಂಬಾ, ಅನುಮಾನವಿಲ್ಲದೆ ಉಣ್ಣಬೇಕೆಂದರೆ ಕೋಯಾಸಾನ್ ಬೆಟ್ಟಕ್ಕೆ ಹೋಗಿ. ಒಂಬತ್ತನೇ ಶತಮಾನದಲ್ಲಿ ಕೂಕಾಯ್ ಎಂಬ ಸನ್ಯಾಸಿ ಕಟ್ಟಿದ ಮಠಗಳ ಊರು ಅದು. ಮಠದಲ್ಲೇ ಉಳಿಯಬಹುದು. ಅಲ್ಲಿ ಬಡಿಸುವುದು 'ಶೋಜಿನ್ ರ್ಯೋರಿ', ಸನ್ಯಾಸಿಗಳ ಸಸ್ಯಾಹಾರ. ಈರುಳ್ಳಿ, ಬೆಳ್ಳುಳ್ಳಿ ಕೂಡ ಹಾಕದ ಅಡುಗೆ. ಎಳ್ಳಿನ ತೋಫು, ಒಣಗಿಸಿದ ತೋಫು, ಬೇಯಿಸಿದ ಗೆಡ್ಡೆ, ಅನ್ನ. ಬೆಳಗ್ಗೆ ಕೆಲವು ಮಠಗಳಲ್ಲಿ ಅಗ್ನಿಕುಂಡ ಹೊತ್ತಿಸಿ ಹೋಮ ಮಾಡುತ್ತಾರೆ. ನಮ್ಮತ್ತೆಯಂಥವರಿಗೆ ಇಡೀ ಪ್ರವಾಸದಲ್ಲಿ ಇದೊಂದೇ ಜಾಗ ಪೂರ್ತಿ ಅರ್ಥವಾಗುತ್ತದೆ.

ಟೋಕಿಯೊದ ನಿಶಿ-ಕಸಾಯ್ ಕಡೆ ಭಾರತೀಯರು ಜಾಸ್ತಿ, ದಕ್ಷಿಣದ ಊಟವೂ ಸಿಗುತ್ತದೆ. ಮೂರನೇ ದಿನ ಸಾರು ಅನ್ನ ಬೇಕು ಅನ್ನಿಸಿದರೆ ನಾಚಿಕೊಳ್ಳಬೇಡಿ, ಹೋಗಿ.

ಮನೆಯಿಂದ ಏನೇನು ಒಯ್ಯಬಹುದು?

ಚಟ್ನಿಪುಡಿ, ಅವಲಕ್ಕಿ ಒಗ್ಗರಣೆ ಮಿಕ್ಸ್, ಕೋಡುಬಳೆ, ಚಕ್ಕುಲಿ ಧಾರಾಳವಾಗಿ ಒಯ್ಯಿರಿ. ಹಸಿ ಕರಿಬೇವು, ಹಣ್ಣು, ತರಕಾರಿ ಬೇಡ. ಸರ್ಕಾರಿ ತಪಾಸಣಾ ಪತ್ರವಿಲ್ಲದೆ ಬಿಡುವುದಿಲ್ಲ. ಮಾಂಸದ ಯಾವ ಪದಾರ್ಥವೂ ಬೇಡ, ಮನೆಯ ಚಿಕನ್ ಉಪ್ಪಿನಕಾಯಿ ಕೂಡ.

ಬಿಪಿ, ಶುಗರ್ ಮಾತ್ರೆ?

ಡಾಕ್ಟರ ಚೀಟಿಯ ಜೊತೆ ಒಂದು ತಿಂಗಳಿಗಾಗುವಷ್ಟು ಒಯ್ಯಬಹುದು. ಅದಕ್ಕೂ ಜಾಸ್ತಿಯಾದರೆ ಮೊದಲೇ ಅವರ ಸರ್ಕಾರದಿಂದ ಅನುಮತಿ ಪತ್ರ ಪಡೆಯಬೇಕು. ನೆಗಡಿ ಮಾತ್ರೆಗಳ ಬಗ್ಗೆ ಹುಷಾರು. ಸೂಡೊಎಫೆಡ್ರಿನ್ ಶೇ. 10ಕ್ಕಿಂತ ಹೆಚ್ಚಿರುವ ಔಷಧ ಅಲ್ಲಿ ನಿಷಿದ್ಧ. ಕೊಡೀನ್ ಇರುವ ಕೆಮ್ಮಿನ ಸಿರಪ್ಪಿಗೂ ಮಿತಿ ಇದೆ. ಮನೆಯ ಔಷಧಿ ಡಬ್ಬಿಯನ್ನು ಹಾಗೇ ಸುರಿದುಕೊಂಡು ಹೋಗಬೇಡಿ.

ನಮ್ಮ ಚಾರ್ಜರ್ ಆಗುತ್ತಾ?

ಪ್ಲಗ್ ಬೇರೆ, ಎರಡು ಚಪ್ಪಟೆ ಪಿನ್. ಅಡಾಪ್ಟರ್ ಬೇಕು. ಕರೆಂಟು 100 ವೋಲ್ಟ್. ಫೋನ್, ಲ್ಯಾಪ್‌ಟಾಪ್ ಚಾರ್ಜರ್ ಮೇಲೆ 100–240 ಅಂತ ಬರೆದಿದ್ದರೆ ತೊಂದರೆಯಿಲ್ಲ. ಇಲ್ಲಿಯ ಎಲೆಕ್ಟ್ರಿಕ್ ಕೆಟಲ್, ಪುಟ್ಟ ರೈಸ್ ಕುಕ್ಕರ್ ಅಲ್ಲಿ ಸರಿಯಾಗಿ ಕಾಯುವುದಿಲ್ಲ.

ಅಪ್ಪ-ಅಮ್ಮನನ್ನು ಕರೆದುಕೊಂಡು ಹೋಗಬಹುದಾ?

ಖಂಡಿತ. ಆದರೆ ಅವರ ಮಂಡಿಯನ್ನು ಕೇಳಿ ಕಾರ್ಯಕ್ರಮ ಹಾಕಿ. ಜಪಾನ್ ಪ್ರವಾಸ ಅಂದರೆ ನಡಿಗೆ. ದೊಡ್ಡ ನಿಲ್ದಾಣಗಳಲ್ಲಿ ಒಂದು ಗೇಟಿನಿಂದ ಇನ್ನೊಂದಕ್ಕೇ ಹತ್ತು ನಿಮಿಷ ಬೇಕು. ಲಿಫ್ಟ್ ಇರುತ್ತದೆ, ಹುಡುಕಬೇಕು. ದಿನಕ್ಕೆ ಎರಡು ಜಾಗ ಸಾಕು. ಐದು ಊರು ಮಾಡುವ ಬದಲು ಎರಡೇ ಊರಲ್ಲಿ ಬೀಡುಬಿಟ್ಟು ಅಲ್ಲಿಂದ ಹೋಗಿ ಬಂದು ಮಾಡಿ. ಟಾಯ್ಲೆಟ್ ಬಗ್ಗೆ ಚಿಂತೆ ಬೇಡ, ನೀರು ಚಿಮ್ಮುವ ವ್ಯವಸ್ಥೆ ಹೆಚ್ಚಿನ ಕಡೆ ಇದೆ. ಯುರೋಪಿಗೆ ಹೋಗಿ ಬಂದವರಿಗೆ ಇದರ ಬೆಲೆ ಗೊತ್ತು.

ಅವರಿಗೆ ತೋರಿಸಲೇಬೇಕಾದದ್ದು ನಾರಾದ ತೋದಾಯ್‌ಜಿ ದೇವಾಲಯದ ಮಹಾಬುದ್ಧ. ಅದರ ಕಣ್ಣು ತೆರೆಸುವ ಶಾಸ್ತ್ರ ನಡೆದದ್ದು 752ರಲ್ಲಿ. ಕುಂಚ ಹಿಡಿದು ಕಣ್ಣು ಬರೆದವರು ಭಾರತದಿಂದ ಹೋಗಿದ್ದ ಬೋಧಿಸೇನ ಎಂಬ ಭಿಕ್ಷು. ಟೋಕಿಯೊದ ಊಎನೊ ಕೊಳದ ನಡುವಿನ ಗುಡಿಯಲ್ಲಿರುವ ಬೆಂಝಾಯ್‌ತೆನ್ ನಮ್ಮ ಸರಸ್ವತಿಯೇ. ಅಮ್ಮಂದಿರು ಅಲ್ಲಿ ಕೈಮುಗಿಯದೆ ಬರುವುದಿಲ್ಲ.

ಅಷ್ಟು ಕ್ಲೀನ್ ಹೇಗೆ ಇಟ್ಟುಕೊಂಡಿದ್ದಾರೆ? ನಮ್ಮವರಿಗೆ ಯಾವಾಗ ಬುದ್ಧಿ ಬರೋದು?

ಹೋಗಿ ಬಂದವರೆಲ್ಲ ಇದನ್ನೇ ಹೇಳುತ್ತಾರೆ. "ಅವರ ರಕ್ತದಲ್ಲೇ ಇದೆ" ಅಂತ ಮುಗಿಸಿಬಿಡುತ್ತಾರೆ. ನನಗೆ ಈ ಮಾತು ಒಪ್ಪಿಗೆಯಿಲ್ಲ.

1960ರ ದಶಕದ ಟೋಕಿಯೊ ಗಲೀಜಾಗಿತ್ತು. ಕಸವನ್ನು ಕೊಲ್ಲಿಯೊಳಗೆ ಸುರಿದು ಸುರಿದು 'ಯುಮೆನೊಶಿಮಾ' ಎಂಬ ದ್ವೀಪವೇ ಎದ್ದಿತ್ತು. 1965ರಲ್ಲಿ ಅಲ್ಲಿಂದ ನೊಣಗಳ ಹಿಂಡು ಪಕ್ಕದ ಕೋತೊ ವಾರ್ಡಿನ ಮೇಲೆ ಬಂದು ಬಿತ್ತು. ಊರಿನ ಕಸದ ಬಹುಪಾಲು ಕೋತೊ ಜನರ ಮನೆಬಾಗಿಲ ಮೇಲೇ ಹಾದುಹೋಗುತ್ತಿತ್ತು. 1971ರಲ್ಲಿ ಟೋಕಿಯೊ ಗವರ್ನರ್ ಮಿನೋಬೆ ರ್ಯೋಕಿಚಿ 'ಕಸದ ಸಮರ' ಅಂತಲೇ ಘೋಷಿಸಿದರು. ಪ್ರತಿ ವಾರ್ಡೂ ತನ್ನ ಕಸವನ್ನು ತಾನೇ ಸುಡಬೇಕು ಅನ್ನುವುದು ಯೋಚನೆ. ಸುಗಿನಾಮಿ ಎಂಬ ಅನುಕೂಲಸ್ಥರ ವಾರ್ಡು ನಮ್ಮಲ್ಲಿ ಘಟಕ ಬೇಡ ಎಂದು ಹಟ ಹಿಡಿಯಿತು. 1973ರಲ್ಲಿ ಕೋತೊದವರು ರಸ್ತೆಗಿಳಿದು ಸುಗಿನಾಮಿಯ ಕಸದ ಲಾರಿಗಳನ್ನು ತಡೆದರು. ಕೊನೆಗೆ ಸುಗಿನಾಮಿಯಲ್ಲಿ ಘಟಕ ಕಟ್ಟಲೇಬೇಕಾಯಿತು.

ಈ ಕತೆ ಎಲ್ಲೋ ಕೇಳಿದ ಹಾಗಿದೆ, ಅಲ್ವಾ? ಬೆಂಗಳೂರಿನ ಕಸ ವರ್ಷಗಟ್ಟಲೆ ಬಿದ್ದದ್ದು ಮಾವಳ್ಳಿಪುರ, ಮಂಡೂರಿನಲ್ಲಿ. ಮಂಡೂರಿನವರು ಸಾಕಪ್ಪಾ ಸಾಕು ಎಂದು ನಿಂತ ಮೇಲೆ 2014ರ ಕೊನೆಗೆ ಅಲ್ಲಿಗೆ ಕಸ ಹೋಗುವುದು ನಿಂತಿತು. ಜಗಳ ಎರಡೂ ಊರಲ್ಲಿ ಒಂದೇ. ಟೋಕಿಯೊದಲ್ಲಿ ಆ ಜಗಳ ವಾರ್ಡಿನೊಳಗೇ ಘಟಕ ಕಟ್ಟುವಲ್ಲಿಗೆ ಹೋಯಿತು, ನಮ್ಮಲ್ಲಿ ಲಾರಿ ಇನ್ನೊಂದು ಹಳ್ಳಿಯ ಕಡೆ ತಿರುಗಿತು. ವ್ಯತ್ಯಾಸ ಇರುವುದು ಅಲ್ಲಿ. ರಕ್ತದಲ್ಲಿ ಹುಡುಕಬೇಡಿ.

ಯುಮೆನೊಶಿಮಾ ಈಗ ಉದ್ಯಾನ. ಪಕ್ಕದ ಕಸ ಸುಡುವ ಘಟಕದ ಬಿಸಿಯಿಂದ ನಡೆಯುವ ದೊಡ್ಡ ಗಾಜಿನ ಮನೆಯಿದೆ, ಒಳಗೆಲ್ಲ ಉಷ್ಣವಲಯದ ಗಿಡಗಳು. ಟೂರ್ ಪ್ಯಾಕೇಜಿನಲ್ಲಿ ಇದು ಸಾಮಾನ್ಯವಾಗಿ ಇರುವುದಿಲ್ಲ. ಒಂದು ಬೆಳಗ್ಗೆ ಬಿಡುವು ಮಾಡಿಕೊಂಡು ಹೋಗಿ.

ಇನ್ನೊಂದು ಮಾತು. ರಸ್ತೆಯಲ್ಲಿ ಕಸದ ಬುಟ್ಟಿ ಸಿಗುವುದು ಅಪರೂಪ. 1995ರ ಸುರಂಗ ರೈಲಿನ ಸರಿನ್ ವಿಷಾನಿಲ ದಾಳಿಯ ನಂತರ ಎಷ್ಟೋ ಕಡೆ ತೆಗೆದುಬಿಟ್ಟರು. ಚೀಲದಲ್ಲಿ ಒಂದು ಪ್ಲಾಸ್ಟಿಕ್ ಕವರ್ ಇಟ್ಟುಕೊಳ್ಳಿ, ಕಸ ಹೋಟೆಲಿಗೆ ವಾಪಸ್ ತನ್ನಿ.

ಅವರ ರೈಲು ನೋಡಿದ ಮೇಲೆ ನಮ್ಮ ರೈಲು ಹತ್ತೋಕೆ ಬೇಜಾರಾಗಲ್ವಾ?

ಆಗುತ್ತದೆ. ಟೋಕಿಯೊದಿಂದ ಕ್ಯೋಟೊ ಎರಡೂಕಾಲು ಗಂಟೆ. ಹೆಚ್ಚುಕಡಿಮೆ ಅಷ್ಟೇ ದೂರದ ಬೆಂಗಳೂರು–ಧಾರವಾಡಕ್ಕೆ ವಂದೇ ಭಾರತ್‌ನಲ್ಲೇ ಸುಮಾರು ಆರೂವರೆ ಗಂಟೆ. ಆದರೆ ಟಿಕೆಟ್ ದರವನ್ನೂ ಪಕ್ಕದಲ್ಲಿಟ್ಟು ನೋಡಿ. ಅಲ್ಲಿ ಒಬ್ಬರಿಗೆ ಎಂಟು ಸಾವಿರ ರೂಪಾಯಿಯ ಹತ್ತಿರ. ವರ್ಷಗಳನ್ನೂ ಇಟ್ಟು ನೋಡಿ. ಟೋಕಿಯೊದ ಮೊದಲ ಸುರಂಗ ರೈಲು ಓಡಿದ್ದು 1927ರಲ್ಲಿ, ನಮ್ಮ ಮೆಟ್ರೊ 2011ರಲ್ಲಿ. ಆ ಮೊದಲ ಹಂತಕ್ಕೆ ಜಪಾನಿನ ಸಾಲವೂ ಇತ್ತು. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಕಾವೇರಿ ಐದನೇ ಹಂತದ ನೀರಿನ ಯೋಜನೆಗೂ ಅವರದೇ ಸಾಲ.

ಹಾಗಾದರೆ ಅಲ್ಲಿ ಬದುಕೋದು ಇಲ್ಲಿಗಿಂತ ಸುಲಭಾನಾ?

ಪ್ರವಾಸಿಗೆ ಸುಲಭ. ಹತ್ತು ದಿನ ಹೋದವರಿಗೆ ಬಾಡಿಗೆ ಕರಾರಿಲ್ಲ, ಬಾಸ್ ಇಲ್ಲ, ಕಸ ವಿಂಗಡಿಸುವ ಕ್ಯಾಲೆಂಡರ್ ಇಲ್ಲ. ಇಲ್ಲಿಯ ಸೋಮವಾರದ ಟ್ರಾಫಿಕ್ಕನ್ನು ಅಲ್ಲಿಯ ರಜೆಯ ಬೆಳಗಿನ ಜೊತೆ ತೂಗಿದರೆ ತಕ್ಕಡಿ ಯಾವ ಕಡೆ ಬಾಗುತ್ತದೆ ಹೇಳಬೇಕಾಗಿಲ್ಲ. ಟೋಕಿಯೊದ ಜನ ಬೆಳಗ್ಗೆ ಎಂಟಕ್ಕೆ ರೈಲಿನಲ್ಲಿ ಅಪ್ಪಚ್ಚಿಯಾಗಿ ಆಫೀಸಿಗೆ ಹೋಗುವುದನ್ನು ಒಂದು ದಿನ ನೋಡಿ.

ನಮಗೆ ಇಲ್ಲಿ ಲೆಕ್ಕಕ್ಕೇ ಬಾರದ ಸೌಕರ್ಯಗಳು ಅಲ್ಲಿ ನೆನಪಾಗುತ್ತವೆ. ಬೆಳಗ್ಗೆ ಆರಕ್ಕೆ ದರ್ಶಿನಿಯಲ್ಲಿ ಬಿಸಿ ಇಡ್ಲಿ, ಕಾಫಿ. ಬೀದಿ ಕೊನೆಯ ಟೈಲರ್. ಪಕ್ಕದ ಮನೆಗೆ ಕೀಲಿ ಕೊಟ್ಟು ಹೋಗುವುದು. ಅಕ್ಕಿಯನ್ನೇ ನೋಡಿ. 2025ರಲ್ಲಿ ಅಲ್ಲಿ 5 ಕೆ.ಜಿ. ಅಕ್ಕಿ 4,000 ಯೆನ್ ದಾಟಿತು, ನಮ್ಮ ದುಡ್ಡಲ್ಲಿ ಎರಡು ಸಾವಿರಕ್ಕೂ ಜಾಸ್ತಿ. ಇಡೀ ದೇಶ ಅದೇ ಮಾತಾಡುತ್ತಿತ್ತು.

ಇನ್ನು ಅವರ ಶಾಲಾ ಮಕ್ಕಳು ಒಬ್ಬೊಬ್ಬರೇ ನಡೆದು ಹೋಗುವುದನ್ನು ನೋಡಿದರೆ ನನಗೆ ಹೊಟ್ಟೆಕಿಚ್ಚು. ಅದನ್ನು ಮುಚ್ಚಿಡುವುದಿಲ್ಲ. ನಮ್ಮ ಫುಟ್‌ಪಾತ್ ಹಾಗಿದ್ದರೆ ನಾವೂ ಬಿಡುತ್ತಿದ್ದೆವು.

ಆದರೆ ಹಳ್ಳಿ ಕಡೆ ಹೋದಾಗ ಬೇರೆ ಚಿತ್ರ. ಶೇ. 29ರಷ್ಟು ಜನ 65 ದಾಟಿದವರು. 2023ರ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 90 ಲಕ್ಷ ಖಾಲಿ ಮನೆಗಳು. ಬಾಗಿಲು ಹಾಕಿದ ಮನೆ, ಅಂಗಳದಲ್ಲಿ ಯಾರೂ ಕೀಳದ ಪರ್ಸಿಮನ್ ಹಣ್ಣು. ಮಲೆನಾಡಿನವರಿಗೆ, ಮಕ್ಕಳೆಲ್ಲ ಬೆಂಗಳೂರು, ಅಮೆರಿಕ ಸೇರಿದ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಭಾಷೆ ಬರದೆ ನಡೆಯುತ್ತಾ?

ನಡೆಯುತ್ತದೆ. ನಿಲ್ದಾಣದ ಬೋರ್ಡುಗಳು ಇಂಗ್ಲಿಷಿನಲ್ಲೂ ಇವೆ. 'ಸುಮಿಮಾಸೆನ್' ಅನ್ನುವುದೊಂದು ಕಲಿಯಿರಿ, ಕರೆಯೋದಕ್ಕೂ ಕ್ಷಮೆಗೂ ಅದೇ. ರೈಲಿನಲ್ಲಿ ಫೋನ್‌ನಲ್ಲಿ ಮಾತಾಡಬೇಡಿ. ಊರಿನಿಂದ ಅಮ್ಮ ವಿಡಿಯೊ ಕಾಲ್ ಮಾಡಿದರೆ ಇಳಿದ ಮೇಲೆ ಮಾಡುತ್ತೇನೆ ಎಂದು ಮೆಸೇಜ್ ಹಾಕಿ. ಪಾಸ್‌ಪೋರ್ಟ್ ಸದಾ ಜೊತೆಗಿರಬೇಕು, ಅದು ಅಲ್ಲಿನ ಕಾನೂನು. ಪೊಲೀಸರಿಗೆ 110, ಆಂಬ್ಯುಲೆನ್ಸಿಗೆ 119.

ಅಷ್ಟು ದೂರ ಹೋಗ್ತೀವಿ, ಹಾಗೇ ಕೊರಿಯಾನೂ ಮುಗಿಸಿಕೊಂಡು ಬರಬಹುದಾ?

ಬೇಡ. ಅದಕ್ಕೆ ಬೇರೆ ವೀಸಾ, ಬೇರೆ ವಿಮಾನ, ಎರಡು ದಿನ ನಿಲ್ದಾಣಗಳಲ್ಲೇ ಕಳೆಯುತ್ತದೆ. ಆ ಎರಡು ದಿನವನ್ನು ಕೋಯಾಸಾನ್‌ಗೆ ಕೊಡಿ.